ಬಳೆ ಮಂಟಪದಲ್ಲಿ ಎದುರುಮನೆಯ ಅಕ್ಕ

ಬಾವಲಿಯ ಹಿಕ್ಕೆಗೆ ಒಂದು ವಾಸನೆಯಿದೆ. ನೆನೆದ ಗೋಣಿಚೀಲವನ್ನು ಮೂಲೆಯಲ್ಲಿ ಹಾಕಿ ಮರೆತುಬಿಟ್ಟರೆ ಬರುವಂಥ, ಮೂಗಿಗಿಂತ ಮೊದಲು ಗಂಟಲಿಗೆ ತಾಗುವ ವಾಸನೆ. ಕಳೆದ ತಿಂಗಳು ಮೈಸೂರಿನಿಂದ ನಾದಿನಿ ತನ್ನ ಮಗಳನ್ನು ಕರೆದುಕೊಂಡು ಬಂದಿದ್ದಳು. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಅವಳಿಗೆ ಊರೂರು ನೋಡುವ ಹುರುಪು. ಬೆಳಿಗ್ಗೆ ಹೋಗಿ ಸಂಜೆಗೆ ಬಂದುಬಿಡೋಣ ಎಂದು ನನ್ನನ್ನೂ ಎಬ್ಬಿಸಿ ಯಳಂದೂರಿನ ಗೌರೀಶ್ವರ ದೇವಸ್ಥಾನಕ್ಕೆ ಹೊರಡಿಸಿದಳು. ನನಗೆ ಮನಸ್ಸಿರಲಿಲ್ಲ. ಮಂಡಿನೋವು ಒಂದು ನೆಪ ಅಷ್ಟೆ. ಎಲ್ಲಿಗಾದರೂ ಹೋಗಬೇಕು ಅನ್ನುವ ಆಸೆಯೇ ಈಚೆಗೆ ಕಡಿಮೆಯಾಗಿದೆ.

ದೇವಸ್ಥಾನದ ಬಾಗಿಲಲ್ಲೇ ಇರುವುದು ಬಳೆ ಮಂಟಪ. ಒಂದೇ ಕಲ್ಲಿನಲ್ಲಿ ಕೆತ್ತಿ ಒಂದಕ್ಕೊಂದು ಕೊಂಡಿ ಹಾಕಿದ ಕಲ್ಲಿನ ಬಳೆಗಳು ಅದರ ಮೂಲೆಯಿಂದ ಇಳಿಬಿದ್ದಿವೆ. ನೋಡಲು ಬಂದವರೆಲ್ಲ ಮೊದಲು ಅಲ್ಲಿ ಕತ್ತು ಮೇಲೆತ್ತಿ ನಿಲ್ಲುತ್ತಾರೆ. ನಾದಿನಿ, ಅವಳ ಮಗಳು ಫೋಟೋ ತೆಗೆಯುತ್ತಿದ್ದಾಗ ನಾನು ನೆರಳಿರುವ ಕಡೆ ಒಂದು ಕಂಬಕ್ಕೆ ಒರಗಿ ಕುಳಿತೆ. ಆಗ ಬಂತು ಆ ವಾಸನೆ. ಅದರ ಹಿಂದೆಯೇ ಎದುರುಮನೆಯ ಅಕ್ಕ ನೆನಪಿಗೆ ಬಂದರು. ವರ್ಷಗಳ ಹಿಂದೆ ಇದೇ ಕಲ್ಲಿನ ಮೇಲೆ, ಇಷ್ಟೇ ಬಿಸಿಲಿನ ಹೊತ್ತಿನಲ್ಲಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ರಸ್ತೆಯ ಕಡೆ ನೋಡುತ್ತ ಅವರು ಕುಳಿತಿದ್ದರು...

ನಾನು ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದಾಗ ನಮ್ಮ ಬೀದಿಯಲ್ಲಿ ಮೊದಲು ಮಾತಾಡಿಸಿದವರು ಅವರೇ. ಬೀದಿಗೆಲ್ಲ ಅವರು ಅಕ್ಕ. ಗಂಡ ರೇಷ್ಮೆ ಹುರಿ ಮಾಡುವ ಮಿಷನ್ನಿನಲ್ಲಿ ಕೆಲಸಕ್ಕಿದ್ದರು. ಮಿಷನ್ನಿನ ಸದ್ದಿಗೋ ಏನೋ ಕಿವಿ ಮಂದ, ಮಾತು ಇನ್ನೂ ಕಡಿಮೆ. ಅವರಿಗೆ ಮಕ್ಕಳಿರಲಿಲ್ಲ. ಆದರೆ ಮನೆಯಲ್ಲಿ ಒಂದು ಹೆಣ್ಣುಮಗುವಿತ್ತು. ಅಕ್ಕನನ್ನು "ಅವ್ವಾ" ಎಂದು ಕೂಗಿ ಬೀದಿಯನ್ನೆಲ್ಲ ಎಬ್ಬಿಸುತ್ತಿತ್ತು. ನಮ್ಮ ಮನೆಗೆ ನುಗ್ಗಿ, ನನ್ನ ಹೊಸ ಬಳೆಗಳನ್ನು ತೊಟ್ಟುಕೊಂಡು, ಮೊಣಕೈವರೆಗೂ ಏರಿಸಿ ಕುಣಿಯುತ್ತಿತ್ತು. ಅದು ಅಕ್ಕ ಹೆತ್ತ ಮಗುವಲ್ಲ, ಅವರ ತಂಗಿಯ ಮಗಳು ಎಂದು ನನಗೆ ಗೊತ್ತಾದದ್ದು ಬಹಳ ದಿನಗಳ ಮೇಲೆ.

ತಂಗಿಯನ್ನು ಯಳಂದೂರು ದಾರಿಯ ಮಾಂಬಳ್ಳಿಗೆ ಕೊಟ್ಟಿದ್ದರು. ಗದ್ದೆ, ಬಾಳೆತೋಟ ಇದ್ದ ಮನೆ. ಹೆರಿಗೆಯಾದ ಮೇಲೆ ತಂಗಿಗೆ ಬುದ್ಧಿ ನೆಟ್ಟಗಿರಲಿಲ್ಲವಂತೆ. ಊಟ ಬಿಟ್ಟಳು, ನಿದ್ದೆ ಬಿಟ್ಟಳು, ಗೋಡೆ ನೋಡುತ್ತ ಕೂರುತ್ತಿದ್ದಳು, ಮಗು ಅತ್ತರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಬಾಣಂತಿ ಸನ್ನಿ ಅಂದರು ಊರವರು. ನೋಡಲು ಹೋದ ಅಕ್ಕ ಮಗುವನ್ನು ಮಡಿಲಿಗೆ ಹಾಕಿಕೊಂಡು ಅದೇ ದಿನ ಬಸ್ಸು ಹತ್ತಿದರು. ತಂಗಿ ಹುಷಾರಾಗುವವರೆಗೆ ಎಂದು ಮಾತು. ತಂಗಿ ನಿಧಾನಕ್ಕೆ ಹುಷಾರಾದಳು, ಆಮೇಲೆ ಒಂದು ಗಂಡುಮಗುವೂ ಆಯಿತು, ಅದನ್ನು ಅವಳ ಅತ್ತೆ ಸಾಕಿದರು. ಈ ಮಗು ಮಾತ್ರ ಕೊಳ್ಳೇಗಾಲದಲ್ಲೇ ಉಳಿಯಿತು. ಯಾರೂ ಕೇಳಲಿಲ್ಲ, ಅಕ್ಕನೂ ಹೇಳಲಿಲ್ಲ. ಇಲ್ಲೇ ಸ್ಕೂಲಿಗೆ ಸೇರಿತು.

ಎರಡನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಮಗುವಿನ ಅಪ್ಪ ಬಂದು, ರಜಕ್ಕೆ ಊರಿಗೆ ಬರಲಿ ಎಂದು ಕರೆದುಕೊಂಡು ಹೋದರು. ಸ್ಕೂಲು ಶುರುವಾದರೂ ಕಳಿಸಲಿಲ್ಲ. ಅಕ್ಕ ಹುಡುಕಿಕೊಂಡು ಮಾಂಬಳ್ಳಿಗೆ ಹೋದರು. ಅಂಗಳದಲ್ಲಿ ನಿಂತೇ ಇದ್ದರು; ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ತಂಗಿ ಬಾಗಿಲಲ್ಲಿ ನಿಂತು, "ಸಾಕ್ದೆ ಕಣಕ್ಕ, ಇಲ್ಲ ಅನ್ನಲ್ಲ. ಆದ್ರ ನಾನು ಎಷ್ಟ್ ದಿನ ಅದ್ರ ಬಾಯಲ್ಲಿ ಚಿಕ್ಕವ್ವ ಅನ್ನಿಸ್ಕಂಡು ಇರ್ಲಿ? ನನ್ ಒಟ್ಟೇಲಿ ಉಟ್ಟಿದ್ ಕೂಸಲ್ವಾ ಅದು?" ಅಂದಳಂತೆ. ಅಕ್ಕ, ಇನ್ನು ನಿಮ್ಮ ಮನೆ ಹೊಸಲು ತುಳಿಯುವುದಿಲ್ಲ ಎಂದಷ್ಟೇ ಹೇಳಿ ಬಂದರು.

ಈಗ ಯೋಚಿಸಿದರೆ ಆ ತಂಗಿಯನ್ನೂ ತಪ್ಪು ಅನ್ನಲಾರೆ. ಆದರೆ ಆ ದಿನಗಳಲ್ಲಿ ಎದುರುಮನೆಯನ್ನು ನೋಡಲು ಆಗುತ್ತಿರಲಿಲ್ಲ. ಅಕ್ಕನ ಗಂಡ ಸಂಜೆ ಕೆಲಸದಿಂದ ಬರುವಾಗ ಮಗುವಿಗೆಂದು ಖಾರಾ ಬೂಂದಿ ಕಟ್ಟಿಸಿಕೊಂಡು ಬರುತ್ತಿದ್ದವರು, ಮಗು ಹೋದಮೇಲೂ ತರುತ್ತಲೇ ಇದ್ದರು. ಅಕ್ಕ ಏನೂ ಹೇಳದೆ ಆ ಪೊಟ್ಟಣವನ್ನು ನಮ್ಮ ಮನೆಗೆ ತಂದುಕೊಡುತ್ತಿದ್ದರು. ಎಷ್ಟೋ ಕಾಲದ ಮೇಲೆ ಅದು ತಾನೇ ನಿಂತಿತು. ಇನ್ನಷ್ಟು ವರ್ಷಗಳ ಮೇಲೆ ಅವರೂ ತೀರಿಕೊಂಡರು. ಆ ಹುಡುಗಿಗೆ ಹನೂರಿನ ಕಡೆ ಮದುವೆಯಾಯಿತು ಎಂದು ಯಾರೋ ಹೇಳಿದರು. ಅಕ್ಕನಿಗೆ ಕರೆ ಬಂದಿರಲಿಲ್ಲ.

ನನ್ನ ಅತ್ತೆಗೆ ಪಾರ್ಶ್ವವಾಯು ಹೊಡೆದು ಮಲಗಿದ್ದು ಆ ಮೇಲಿನ ಮಾತು. ಎತ್ತಬೇಕು, ತೊಳೆಯಬೇಕು, ಉಣ್ಣಿಸಬೇಕು, ಮತ್ತೆ ಎತ್ತಬೇಕು. ಬೆಳಗಾಯಿತು ಅನ್ನುವುದೇ ಒಂದು ಭಾರವಾಗಿದ್ದ ವರ್ಷಗಳವು. ಅಕ್ಕ ಮಧ್ಯಾಹ್ನ ಬಂದು, "ನೀ ವಸಿ ಮಲಿಕ ಓಗವ್ವ" ಎಂದು ನನ್ನನ್ನು ಒಳಗೆ ಕಳಿಸಿ, ಅತ್ತೆಯ ಪಕ್ಕ ತಾವು ಕೂರುತ್ತಿದ್ದರು. ನಾವಿಬ್ಬರೂ ಕಷ್ಟಸುಖವೆಂದು ಹೆಚ್ಚು ಮಾತಾಡಿದವರೇ ಅಲ್ಲ. ಇಬ್ಬರಿಗೂ ಅಷ್ಟು ತ್ರಾಣವಿರಲಿಲ್ಲ.

ಹಾಗಿರುವಾಗ ಒಂದು ದಿನ ನನ್ನ ಫೋನಿಗೆ ಆ ಹುಡುಗಿಯ ಕರೆ ಬಂತು. ಯಾರಿಂದಲೋ ನಂಬರು ಕೇಳಿ ಪಡೆದಿದ್ದಳು. ಸೋಮವಾರ ತಾನೂ ತನ್ನ ತಾಯಿಯೂ ಯಳಂದೂರಿನ ದೇವಸ್ಥಾನಕ್ಕೆ ಬರುತ್ತೇವೆ, ಅಕ್ಕನನ್ನೂ ಕರೆದುಕೊಂಡು ಬನ್ನಿ, ಎಂದಳು. ಮಾಂಬಳ್ಳಿಯೂ ಬೇಡ, ಕೊಳ್ಳೇಗಾಲವೂ ಬೇಡ, ಯಾರ ಮನೆಯೂ ಅಲ್ಲದ ಜಾಗದಲ್ಲಿ ಭೇಟಿಯಾಗೋಣ ಅನ್ನುವ ಉಪಾಯ ಅವಳದೇ. ನಾನು ಹೇಳಿದಾಗ ಅಕ್ಕ ಅತ್ತೆಯ ಹೊದಿಕೆಯನ್ನು ಎಳೆದು ಸರಿಮಾಡಿದರು.

"ನೀನೂ ಬಾರವ್ವ," ಅಂದರು ಕೊನೆಗೆ. "ಒಬ್ಳೇ ಓದ್ರ ನಂಗ ಬಾಯೇ ಬರಲ್ಲ."

ಅತ್ತೆಯನ್ನು ನೋಡಿಕೊಳ್ಳಲು ನನ್ನ ಗಂಡ ರಜ ಹಾಕಿದರು. ನಾನು ಮನೆಯಿಂದ ಹೊರಗೆ ಕಾಲಿಟ್ಟು ಎಷ್ಟು ದಿನವಾಗಿತ್ತೋ. ಬಸ್‌ಸ್ಟ್ಯಾಂಡಿನಲ್ಲಿ ಜನ, ಗದ್ದಲ ನೋಡಿ ತಲೆ ತಿರುಗಿದಂತಾಯಿತು. ಅಕ್ಕ ಮಾಂಬಳ್ಳಿಯ ಮೇಲೆ ಹೋಗುವ ಬಸ್ಸು ಹತ್ತಲಿಲ್ಲ. ಅದನ್ನು ಬಿಟ್ಟು ಇನ್ನೊಂದಕ್ಕೆ ಕಾದೆವು. ಅವರ ತೊಡೆಯ ಮೇಲೆ ಒಂದು ಡಬ್ಬಿ. ಹಿಂದಿನ ದಿನವೆಲ್ಲ ಕೂತು ಕಜ್ಜಾಯ ಮಾಡಿದ್ದರು. ನಾನಂತೂ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿಬಿಟ್ಟಿದ್ದೆ.

ಅವರಿಗಿಂತ ಬಹಳ ಮೊದಲೇ ನಾವು ಬಂದುಬಿಟ್ಟಿದ್ದೆವು. ದೇವರ ದರ್ಶನವನ್ನೂ ಮಾಡದೆ ಅಕ್ಕ ಈ ಮಂಟಪದಲ್ಲೇ ಕುಳಿತರು. ಬಾವಲಿಯ ನಾತ ತಡೆಯಲಾಗದೆ, ಆಚೆ ಹೋಗೋಣ ಎಂದೆ. "ಇಲ್ಲಿಂದ ಆದ್ರ ರಸ್ತ ಕಾಣ್ತದ," ಅಂದರು. ಕೊನೆಗೂ ಒಂದು ಆಟೋ ನಿಂತಿತು. ಮೊದಲು ತಂಗಿ ಇಳಿದಳು. ಅಕ್ಕನಿಗಿಂತ ಚಿಕ್ಕವಳಾದರೂ ಅವಳೇ ಮುದುಕಿಯಂತೆ ಕಂಡಳು. ಅವಳ ಹಿಂದೆ ಆ ಹುಡುಗಿ. ಬಸುರಿ. ಬಹಳ ತಿಂಗಳಾಗಿರಲಿಲ್ಲ, ಆದರೂ ನೋಡಿದರೆ ಗೊತ್ತಾಗುವಷ್ಟು.

ಹುಡುಗಿ ಬಗ್ಗಿ ಕಾಲು ಮುಟ್ಟಿದಳು. "ದೊಡ್ಡವ್ವ, ಚೆನ್ನಾಗಿದೀಯಾ?" ಅಂದಳು. ಆ ಕರೆಗೆ ಅಕ್ಕನ ಮುಖ ಒಂದು ಕ್ಷಣ ಹಾಗೇ ನಿಂತಿತು. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟರು. ಎಲ್ಲರೂ ಒಳಗೆ ಹೋಗಿ ಪೂಜೆ ಮಾಡಿಸಿ ಬಂದೆವು. ಮತ್ತೆ ಇಲ್ಲೇ ಕುಳಿತು ಡಬ್ಬಿ ಬಿಚ್ಚಿದೆವು. ಮಳೆ, ಬೆಳೆ, ಹುಡುಗಿಯ ಗಂಡನ ಕೆಲಸ ಎಂದು ಅದೂ ಇದೂ ಮಾತಾಯಿತು. ಆ ಅಕ್ಕತಂಗಿ ಒಬ್ಬರನ್ನೊಬ್ಬರು ನೇರ ನೋಡುತ್ತಿರಲಿಲ್ಲ. ಇಬ್ಬರೂ ನನ್ನನ್ನು ನೋಡಿಕೊಂಡು ಮಾತಾಡುತ್ತಿದ್ದರು.

ತಂಗಿಯೇ ಕೊನೆಗೆ ಬಾಯಿಬಿಟ್ಟಳು. "ಅಕ್ಕ, ಇವ್ಳ ಬಾಣಂತನ ನನ್ ಕೈಲಿ ಆಗಲ್ಲ. ಎಳೇ ಕೂಸ ಎತ್ಕಳಕ್ಕ ನಂಗ ಇವತ್ಗೂ ಭಯ. ಆವತ್ತು ನಂಗ ಬಂದಿದ್ದು ಇವ್ಳಿಗೂ ಬಂದ್ರ ನಾನೇನ್ ಮಾಡ್ಲಿ? ನೀನೇ ಕರ್ಕಂಡೋಗು. ಕೊಳ್ಳೇಗಾಲ್ದಲ್ಲೇ ಆಗ್ಲಿ."

ಹುಡುಗಿ ತಲೆ ತಗ್ಗಿಸಿ, "ನಾನೇ ಕೇಳು ಅಂದಿದ್ದು. ನಂಗೂ ನಿನ್ನತ್ರನೇ ಬರ್ಬೇಕು ಅನ್ನುಸ್ತದ," ಅಂದಳು.

ಇಷ್ಟು ವರ್ಷ ಯಾವ ಮಾತಿಗಾಗಿ ಈ ಹೆಂಗಸು ಕಾದಿದ್ದರೋ ಅದು ತಾನಾಗಿ ಎದುರಿಗೆ ಬಂದು ಕುಳಿತಿತ್ತು. ಅಕ್ಕ ಡಬ್ಬಿಯ ಮುಚ್ಚಳವನ್ನು ಒರೆಸುತ್ತಿದ್ದರು.

"ಆಗಲ್ಲ," ಅಂದರು.

"ಯಾಕಕ್ಕ?"

"ಆಗಲ್ಲ ಅಂದ್ರ ಆಗಲ್ಲ ಕಣ. ಕಜ್ಜಾಯ ತಿನ್ನಿ."

ಯಾರೂ ತಿನ್ನಲಿಲ್ಲ. ಹುಡುಗಿ ಎದ್ದು ಹೋಗಿ ಬೆನ್ನು ತಿರುಗಿಸಿಕೊಂಡು ನಿಂತಳು. ಭುಜ ಅಲುಗುತ್ತಿತ್ತು. ತಂಗಿ ಇನ್ನೊಂದು ಸಲ ಕೇಳಲಿಲ್ಲ. ಕೇಳಿದರೂ ಪ್ರಯೋಜನವಿಲ್ಲವೆಂದು ಅವಳಿಗೆ ಗೊತ್ತಿತ್ತೋ, ಅಥವಾ ಹಿಂದೆ ತಾನು ಬಾಗಿಲಲ್ಲಿ ನಿಂತು ಆಡಿದ ಮಾತು ನೆನಪಾಯಿತೋ... ಆಟೋ ಹೋದಮೇಲೂ ಅಕ್ಕ ರಸ್ತೆಯನ್ನು ನೋಡುತ್ತ ನಿಂತಿದ್ದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಸಿಟ್ಟಿನಿಂದಲೇ ಕೇಳಿದೆ, ಹೀಗ್ಯಾಕೆ ಮಾಡಿದಿರಿ ಎಂದು. ಅವರು ಕೈಯಲ್ಲಿದ್ದ ಟಿಕೆಟ್ಟನ್ನು ಸುರುಳಿ ಸುತ್ತುತ್ತ, ನಿಧಾನಕ್ಕೆ ಹೇಳಿದರು. "ಬಂದ್ರ ಒಂದಷ್ಟ್ ದಿನ ಇರ್ತದ ಕೂಸು. ಆಮೇಲೆ ಓಯ್ತದ. ಓದ್ಮೇಲೆ ಆ ಮನಲಿ ಇರ್ಬೇಕಾದೋಳು ನಾನಲ್ವಾ? ಒಂದ್ ಸಲ ಇದ್ದು ನೋಡಿವ್ನಿ. ಇನ್ನೊಂದ್ ಸಲಕ್ಕ ನನ್ ಮೈಲಿ ಶಕ್ತಿ ಇಲ್ಲ ಕಣವ್ವ... ಸುಸ್ತಾಗೋಗದ ನಂಗ."

ಸುಸ್ತು ಅಂದರೇನೆಂದು ನನಗೂ ಗೊತ್ತಿತ್ತು. ಮನೆಗೆ ಬಂದಾಗ ಅತ್ತೆಯ ಹಾಸಿಗೆ ಬದಲಿಸುವುದಿತ್ತು. ಅವರ ಮನೆಯ ದೀಪ ಆ ಸಂಜೆ ಬಹಳ ಹೊತ್ತು ಹತ್ತಿರಲಿಲ್ಲ.

ಆ ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಅಕ್ಕ ಎಂದಿನಂತೆ ಮಧ್ಯಾಹ್ನ ಬರುತ್ತಿದ್ದರು, ಕೂರುತ್ತಿದ್ದರು, ಹೋಗುತ್ತಿದ್ದರು. ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ನಾನು ನೀರು ಹಿಡಿಯುತ್ತಿದ್ದಾಗ ಬ್ಯಾಗು ಹಿಡಿದು ಬಂದು ನಿಂತರು.

"ಮಾಂಬಳ್ಳಿಗ ಓಯ್ತಿವ್ನಿ. ಕೂಸ್ಗ ನೋವು ಇವತ್ತೋ ನಾಳಯೋ ಅನ್ನಂಗ ಅದಂತ. ನೀರ್ ಬಂದ್ರ ನಮ್ ತೊಟ್ಟೀಗೂ ವಸಿ ಇಡ್ದಾಕವ್ವ."

"ಆ ಮನೆ ಹೊಸಲು ತುಳಿಯಲ್ಲ ಅಂದಿದ್ರಲ್ಲ ಅಕ್ಕ?"

"ತುಳೀದಂಗೇ ದಾಟ್ತೀನಿ ಬುಡು," ಅಂದರು. ನಗಲಿಲ್ಲ. ಬೀಗದ ಕೈ ನನಗೆ ಕೊಟ್ಟು ಹೋದರು.

ಹೆರಿಗೆಯಾಗಿ ಒಂದಷ್ಟು ದಿನಗಳಾದ ಮೇಲೆ ನಾನು ನೋಡಿಕೊಂಡು ಬರಲು ಹೋದೆ. ನಡುಮನೆಯ ಕೋಣೆಯಲ್ಲಿ ಕಂಡ ನೋಟ ಇವತ್ತಿಗೂ ಕಣ್ಣಿನಲ್ಲಿದೆ. ತಂಗಿ ಹೆದರಿದ್ದೇ ಆಗಿತ್ತು. ಹುಡುಗಿ ಎದುರಿನ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ನಾನು ಬಂದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಅಕ್ಕ ಅವಳ ಹಿಂದೆ ಗೋಡೆಗೊರಗಿ, ಕಾಲು ಚಾಚಿ, ಅವಳನ್ನು ತಮ್ಮ ಎದೆಗೆ ಆನಿಸಿಕೊಂಡು ಕುಳಿತಿದ್ದರು. ತಂಗಿ ಬಾಗಿಲ ಪಕ್ಕ ಮುದುಡಿಕೊಂಡಿದ್ದಳು. ಮಗು ಚಾಪೆಯ ಮೇಲೆ ಕಿರುಚಿ ಅಳುತ್ತಿತ್ತು. ನಾನು ತಡೆಯಲಾರದೆ ಎತ್ತಿಕೊಳ್ಳಲು ಬಗ್ಗಿದೆ.

"ಬ್ಯಾಡ, ನೀ ಎತ್ಕಬ್ಯಾಡ," ಅಂದರು ಅಕ್ಕ. "ಅವ್ಳೇ ಎತ್ಕತಾಳ. ವಸಿ ತಡಿ."

ಹುಡುಗಿಯ ಎರಡೂ ಕೈಗಳನ್ನು ತಮ್ಮ ಕೈಯೊಳಗೆ ಹಿಡಿದುಕೊಂಡರು. ಆ ಕೈಗಳಿಂದಲೇ ಮಗುವನ್ನು ಮೆಲ್ಲಗೆ ಎತ್ತಿಸಿ ಅವಳ ಮಡಿಲಿಗೆ ತಂದರು. ಅವಳ ಕಿವಿಯ ಹತ್ತಿರ ಏನೇನೋ ಹೇಳುತ್ತಲೇ ಇದ್ದರು, ನನಗೆ ಕೇಳಿಸಲಿಲ್ಲ. ಮಗು ಹಾಲಿಗೆ ಬಾಯಿ ಹಾಕಿತು. ಹುಡುಗಿ ಅದನ್ನು ನೋಡಲಿಲ್ಲ, ಆದರೆ ಕೈ ಬಿಡಲೂ ಇಲ್ಲ. ಅಕ್ಕ ತಲೆಯೆತ್ತಿ, "ಏ, ನೀನೂ ಬಾ ಇಲ್ಲಿ. ಕೂಸಿನ್ ಕಾಲ್ ಇಡ್ಕ," ಎಂದು ತಂಗಿಯನ್ನು ಕರೆದರು. ಅವಳು ಬರಲಿಲ್ಲ. ಇನ್ನೊಮ್ಮೆ ಕರೆದರು. ತೆವಳಿಕೊಂಡು ಬಂದು, ಬೆರಳ ತುದಿಯಿಂದ ಮಗುವಿನ ಪಾದ ಹಿಡಿದಳು.

ಹುಡುಗಿಯನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಡಾಕ್ಟರಮ್ಮನಿಗೆ ತೋರಿಸಿದ್ದೂ ಅಕ್ಕನೇ. ಇದು ದೆವ್ವವೂ ಅಲ್ಲ, ಗ್ರಹಚಾರವೂ ಅಲ್ಲ, ಮಾತ್ರೆಗೆ ವಾಸಿಯಾಗುವ ಕಾಯಿಲೆ ಎಂದು ಡಾಕ್ಟರಮ್ಮ ಹೇಳಿದ್ದನ್ನು ಆ ಮನೆಯ ಗಂಡಸರಿಗೂ ಕೂರಿಸಿ ಹೇಳಿದರು. ಹೊತ್ತು ಹೊತ್ತಿಗೆ ಮಾತ್ರೆ ನುಂಗಿಸಿದರು. ಮಗುವನ್ನು ಮಾತ್ರ ಒಂದು ಗಳಿಗೆಯೂ ತಮ್ಮ ಪಕ್ಕ ಮಲಗಿಸಿಕೊಳ್ಳಲಿಲ್ಲ.

ನಾನು ಹೊರಟಾಗ ರಸ್ತೆಯವರೆಗೆ ಬಂದರು. ಕಣ್ಣು ಕೆಂಪಗಾಗಿ, ನಿಂತಲ್ಲೇ ತೂಗುತ್ತಿದ್ದರು. ಬಸ್ಸು ಬರುವವರೆಗೆ ಬಾಳೆತೋಟದ ಬೇಲಿ ಹಿಡಿದು ನಿಂತು ಮಾತಾಡಿದರು. "ಆವತ್ತು ನನ್ ತಂಗೀನೂ ಇಂಗೇ ಗ್ವಾಡ ನೋಡ್ಕಂಡು ಕೂತಿದ್ಲು ಕಣವ್ವ. ನಾನು ಕೂಸ್ನ ಎತ್ಕಂಡು ಬಂದ್ಬುಟ್ಟೆ. ಕೂಸು ಉಳ್ಕಂತು. ತಂಗೀನ ಮಾತ್ರ ಅಲ್ಲೇ ಬುಟ್ಟು ಬಂದಿದ್ದೆ. ಯಾರೂ ಇವ್ಳ ಕೈಗ ಕೂಸ ಕೊಡ್ಲೇ ಇಲ್ಲ... ಆ ದ್ಯಾವಸ್ಥಾನ್ದಲ್ಲಿ ಭಯ ಅಂದ್ಲಲ್ಲ, ಅವತ್ತಿಂದ ಅದೇ ತಲೇಲಿ ಕುಂತದ."

ಅವರು ಕೊಳ್ಳೇಗಾಲಕ್ಕೆ ಮರಳಿದ್ದು ಹುಡುಗಿ ಚೇತರಿಸಿಕೊಂಡ ಮೇಲೆ. ಮಗುವಿನ ತಲೆಗೆ ಎಣ್ಣೆ ಹಚ್ಚುವಾಗ ಹುಡುಗಿ ಯಾವುದಕ್ಕೋ ತನ್ನ ತಾಯಿಯನ್ನು ಗದರಿದಳಂತೆ, ತಾಯಿಯೂ ತಿರುಗಿ ಗದರಿದಳಂತೆ, ಇಬ್ಬರೂ ಮಗುವನ್ನು ನಡುವೆ ಇಟ್ಟುಕೊಂಡು ಜಗಳಕ್ಕೆ ನಿಂತರಂತೆ. ಅದನ್ನು ಕೇಳಿದ ಅಕ್ಕ ಒಳಗೆ ಹೋಗಿ ಬ್ಯಾಗು ತುಂಬಿಕೊಂಡರು. ಇರು ಎಂದು ಇಬ್ಬರೂ ಕೈ ಹಿಡಿದರೂ ಇರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಬಂದು ನನ್ನ ಹತ್ತಿರ ಬೀಗದ ಕೈ ಈಸಿಕೊಂಡರು.

"ಈ ಸಲ ನಾನೇ ಬುಟ್ ಬಂದೆ ಕಣವ್ವ," ಅಂದರು. ಬಾಗಿಲು ತೆಗೆದು ಒಳಗೆ ಹೋದವರು ಮರುದಿನದವರೆಗೂ ಎದ್ದಿರಲಿಲ್ಲ. ನಾನು ಎರಡು ಮೂರು ಸಲ ಕಿಟಕಿಯಿಂದ ಇಣುಕಿ, ಉಸಿರಾಡುತ್ತಿದ್ದಾರೆಂದು ನೋಡಿಕೊಂಡು ಬಂದೆ.

ಆಮೇಲೆ ಹುಡುಗಿ ಮಗುವನ್ನು ಎತ್ತಿಕೊಂಡು ಆಗಾಗ ಹನೂರಿನಿಂದ ಬಂದು ಹೋಗುತ್ತಿದ್ದಳು. ತಂಗಿಯೂ ಬರುತ್ತಿದ್ದಳು. ಅವರು ಬಂದ ದಿನ ಆ ಮನೆಯಲ್ಲಿ ಸದ್ದಿರುತ್ತಿತ್ತು, ಹೋದ ದಿನ ಇರುತ್ತಿರಲಿಲ್ಲ. ಅದನ್ನು ಅಕ್ಕ ಹೇಗೆ ಸಹಿಸಿಕೊಂಡರೋ ನಾನು ಕೇಳಲಿಲ್ಲ. ನನ್ನ ಅತ್ತೆ ತೀರಿಹೋದರು. ಕೊರೊನಾ ಬಂತು, ಹೋಯಿತು. ಅದರ ಮರುವರ್ಷ ಅಕ್ಕನಿಗೆ ಎದೆನೋವೆಂದು ಆಸ್ಪತ್ರೆಗೆ ಸೇರಿಸಿದೆವು. ತಂಗಿ, ಹುಡುಗಿ ಇಬ್ಬರೂ ಬಂದು ಆಚೆ ಈಚೆ ಕುಳಿತರು. ಅಕ್ಕ ಮನೆಗೆ ಮರಳಲಿಲ್ಲ. ಈಗ ಆ ಮನೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಗಂಡಹೆಂಡತಿ ಬಾಡಿಗೆಗಿದ್ದಾರೆ. ಒಳ್ಳೆಯವರೇ. ನಾನೇ ಹೆಚ್ಚು ಬಳಕೆ ಇಟ್ಟುಕೊಂಡಿಲ್ಲ. ಹೊಸದಾಗಿ ಒಬ್ಬರನ್ನು ಹಚ್ಚಿಕೊಳ್ಳುವಷ್ಟು ಕಸುವು ಈಗ ಉಳಿದಿಲ್ಲ...

"ಅತ್ತಿಗೆ, ಬನ್ನಿ, ಮಂಗಳಾರತಿ ಆಗುತ್ತೆ," ಎಂದು ನಾದಿನಿ ಕೂಗಿದಾಗ ಕಂಬ ಹಿಡಿದು ಎದ್ದೆ. ಗರ್ಭಗುಡಿಯ ಮುಂದೆ ಹೆಚ್ಚು ಜನರಿರಲಿಲ್ಲ. ಅರ್ಚಕರು ತಟ್ಟೆ ಹಿಡಿದು ಒಬ್ಬೊಬ್ಬರ ಹೆಸರು ಕೇಳುತ್ತ ಬಂದರು. ನಾದಿನಿ ತನ್ನದು, ಗಂಡನದು, ಮಗಳದು, ನಕ್ಷತ್ರದ ಸಮೇತ ಹೇಳಿದಳು. ಆಮೇಲೆ ಅರ್ಚಕರು ನನ್ನ ಕಡೆ ತಿರುಗಿ, "ನಿಮ್ಮದಮ್ಮ?" ಅಂದರು.

ಬಾಯಿಗೆ ಬಂದದ್ದು ಅಕ್ಕನ ಹೆಸರು. ಬದುಕಿದ್ದಾಗ ನಾನು ಒಂದು ದಿನವೂ ಆ ಹೆಸರು ಹಿಡಿದು ಕರೆದವಳಲ್ಲ.

"ನಕ್ಷತ್ರ?"

"ಗೊತ್ತಿಲ್ಲ."

"ಪರವಾಗಿಲ್ಲ ಬಿಡಿ," ಎಂದು ಅವರು ಒಳಗೆ ಹೋದರು. ಸತ್ತವರ ಹೆಸರಿಗೆ ಅರ್ಚನೆ ಮಾಡಿಸುವುದಿಲ್ಲ ಎಂದು ನೆನಪಾಗುವಷ್ಟರಲ್ಲಿ ಮಂತ್ರ ಶುರುವಾಗಿತ್ತು. ನಾನು ತಡೆಯಲಿಲ್ಲ. ಅಕ್ಕನ ಹೆಸರು ಆ ಕತ್ತಲೆಯ ಕಲ್ಲುಗಳ ನಡುವೆ ಸ್ಪಷ್ಟವಾಗಿ ಕೇಳಿತು. ಅವರಿಗೆ ಆಯುಸ್ಸು ಕೊಡು, ಆರೋಗ್ಯ ಕೊಡು ಎಂದು ಅರ್ಚಕರು ಬೇಡಿಕೊಂಡರು. ನಾನೂ ಕೈಮುಗಿದು ನಿಂತೆ.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ನಾದಿನಿ ಕೇಳಿದಳು, "ಅದ್ಯಾರ ಹೆಸರು ಅತ್ತಿಗೆ?"

"ನಮ್ಮ ಎದುರುಮನೆಯವರು," ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಈಗ ಇಲ್ಲ."